4.7 ಬಿಡಿ, ಮೊದಲು ವೋಲ್ಟೇಜ್ ಇಳಿಸಿ: ಕಲಬುರಗಿ ಬಿಸಿಲಿನಲ್ಲಿ ಓವರ್‌ಕ್ಲಾಕ್

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಬಿಸಿಎ ಓದುತ್ತಿದ್ದೇನೆ. ಬಿಡಿ ಭಾಗಗಳನ್ನು ತಂದು ನಾನೇ ಪಿಸಿ ಜೋಡಿಸಿದ್ದೇನೆ. ಎಎಂಡಿ ಕಂಪನಿಯ ರೈಜೆನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 3200 ರ‍್ಯಾಮ್, ಪ್ರೊಸೆಸರ್ ಜೊತೆ ಬಂದ ಕೂಲರ್. ಒಂದು ವಿಡಿಯೋ ನೋಡಿ 4.7 ಗಿಗಾಹರ್ಟ್ಜ್, 1.4 ವೋಲ್ಟ್ ಹಾಕಿದೆ. ವಿಂಡೋಸ್ ಬರುತ್ತದೆ, ಆದರೆ ಆಟದ ಮಧ್ಯೆ ರೀಸ್ಟಾರ್ಟ್ ಆಗುತ್ತದೆ. ಫ್ಯಾನ್ ಸದ್ದಿಗೆ ಅಮ್ಮ ಬೈಯುತ್ತಾರೆ. ರೂಮು ಮೇಲಿನ ಮಹಡಿಯಲ್ಲಿದೆ. ಓವರ್‌ಕ್ಲಾಕ್ ಸರಿಯಾಗಿ ಕಲಿಯುವುದು ಹೇಗೆ? ಪ್ರೊಸೆಸರ್ ಸುಟ್ಟುಹೋಗುತ್ತಾ? ಗೆಳೆಯನ ಹತ್ತಿರ ಇಂಟೆಲ್ ಐ5 12400ಎಫ್ ಇದೆ, ಅದಕ್ಕೂ ಮಾಡಬಹುದಾ?

ಉತ್ತರ: ಮುಂದೆ ಓದುವ ಮುಂಚೆ ಒಂದು ಕೆಲಸ ಮಾಡಿ. ಪಿಸಿ ಆನ್ ಮಾಡಿ ಬಯೋಸ್‌ಗೆ, ಅಂದರೆ ವಿಂಡೋಸ್ ಬರುವ ಮುಂಚಿನ ಸೆಟ್ಟಿಂಗ್ ಪರದೆಗೆ ಹೋಗಿ, ಎಲ್ಲಾ ಸೆಟ್ಟಿಂಗ್ ಡೀಫಾಲ್ಟ್‌ಗೆ ತಂದು ಸೇವ್ ಮಾಡಿ. 1.4 ವೋಲ್ಟ್ ಹಾಗೇ ಬಿಟ್ಟು ದಿನಾ ಆಟ ಆಡಬೇಡಿ. ಆಮೇಲೆ ಆರಾಮಾಗಿ ಮಾತಾಡೋಣ. ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುವುದು.

ಸುಡುವ ವಿಷಯವನ್ನೇ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಭಯ ಇದ್ದಾಗ ಉಳಿದದ್ದು ತಲೆಗೆ ಹೋಗಲ್ಲ. ಬರೀ ಬಿಸಿಯಿಂದ ಇವತ್ತಿನ ಪ್ರೊಸೆಸರ್ ಸುಡುವುದು ತೀರಾ ಅಪರೂಪ. 5600ಕ್ಕೆ ಎಎಂಡಿ ಕೊಟ್ಟಿರುವ ಮಿತಿ 90 ಡಿಗ್ರಿ. ಡೀಫಾಲ್ಟ್‌ನಲ್ಲಿ ಓಡುವಾಗ ಅಲ್ಲಿಗೆ ಮುಟ್ಟಿದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ಮೀರಿ ಬಿಸಿಯಾದರೆ ಪಿಸಿಯೇ ಆಫ್ ಆಗುತ್ತದೆ. ಹೆದರಬೇಕಾದ್ದು ವೋಲ್ಟೇಜಿಗೆ. ಜಾಸ್ತಿ ವೋಲ್ಟೇಜು, ಜಾಸ್ತಿ ಕರೆಂಟು, ಜಾಸ್ತಿ ಬಿಸಿ ಮೂರೂ ಸೇರಿದರೆ ಚಿಪ್‌ನ ಒಳಗಿನ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ತಂತಿಗಳ ಲೋಹ ನಿಧಾನಕ್ಕೆ ಜಾಗ ಬಿಡುತ್ತದೆ. ಇದಕ್ಕೆ ಎಲೆಕ್ಟ್ರೋಮೈಗ್ರೇಷನ್ ಅಂತಾರೆ. ಇದು ಒಂದು ದಿನದಲ್ಲಿ ಕಣ್ಣಿಗೆ ಬೀಳುವ ಸಂಗತಿಯಲ್ಲ. ಇವತ್ತು ಸರಿಯಾಗಿ ಓಡಿದ ವೇಗ ಕೆಲವು ತಿಂಗಳ ನಂತರ ಅದೇ ವೋಲ್ಟೇಜಿನಲ್ಲಿ ಓಡಲ್ಲ, ಇನ್ನೂ ಸ್ವಲ್ಪ ಏರಿಸಬೇಕಾಗುತ್ತದೆ, ಏರಿಸಿದಷ್ಟೂ ಸವೆತ ಜಾಸ್ತಿ.

ವೋಲ್ಟೇಜ್ ಏನು ಮಾಡುತ್ತದೆ ಅನ್ನೋದಕ್ಕೆ ಇತ್ತೀಚಿನ ಎರಡು ಪ್ರಕರಣ ಸಾಕು. 2023ರಲ್ಲಿ ರೈಜೆನ್ 7000 ಸರಣಿಯ ಎಕ್ಸ್3ಡಿ ಪ್ರೊಸೆಸರ್‌ಗಳು ಕೆಲವು ಬೋರ್ಡ್‌ಗಳಲ್ಲಿ ಸುಟ್ಟವು. ಕಾರಣ ಎಸ್‌ಒಸಿ ವೋಲ್ಟೇಜ್, ಅಂದರೆ ಪ್ರೊಸೆಸರ್ ಒಳಗೆ ಮೆಮೊರಿ ಜೊತೆ ವ್ಯವಹರಿಸುವ ಭಾಗದ ವೋಲ್ಟೇಜ್, ವಿಪರೀತ ಏರಿದ್ದು. ಎಎಂಡಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್‌ಗಳು ಕ್ರ್ಯಾಶ್ ಆಗತೊಡಗಿದಾಗ ಇಂಟೆಲ್ ಕೂಡ ಅತಿಯಾದ ವೋಲ್ಟೇಜನ್ನೇ ಬೊಟ್ಟು ಮಾಡಿ ತೋರಿಸಿತು. ಪ್ರೊಸೆಸರ್ ಒಳಗಿನ ಸೂಚನೆಗಳಾದ ಮೈಕ್ರೋಕೋಡ್ ಬದಲಿಸಿತು, ವಾರಂಟಿಯನ್ನು ಎರಡು ವರ್ಷ ಜಾಸ್ತಿ ಮಾಡಿತು. ಇದರಲ್ಲಿ ಸಿಕ್ಕಿಬಿದ್ದ ಬಹಳ ಜನ ವೋಲ್ಟೇಜನ್ನು ಕೈಯಿಂದ ಮುಟ್ಟಿದವರೇ ಅಲ್ಲ.

ಈಗ ನಿಮ್ಮ 4.7ಕ್ಕೆ ಬರೋಣ. ಪ್ರೊಸೆಸರ್ ವೇಗ ಅಂದರೆ 100 ಮೆಗಾಹರ್ಟ್ಜ್‌ನ ಬೇಸ್ ಕ್ಲಾಕನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದ್ದು. ನೀವು 47 ಹಾಕಿದಿರಿ, 4700 ಬಂತು. 5600 ಡಬ್ಬಿಯಿಂದ ತೆಗೆದಾಗಲೇ 4.4ರವರೆಗೆ ತಾನಾಗಿ ಏರುತ್ತದೆ. 4.4ರಿಂದ 4.7 ಅಂದರೆ ನೂರಕ್ಕೆ ಏಳರಷ್ಟೂ ಇಲ್ಲ. ಹತ್ತು ನಿಮಿಷ ಹಿಡಿಯುವ ವಿಡಿಯೋ ಎನ್‌ಕೋಡಿಂಗ್, ಎಲ್ಲವೂ ನಿಮ್ಮ ಪರವಾಗಿ ನಡೆದರೆ, ಸುಮಾರು 9 ನಿಮಿಷ 20 ಸೆಕೆಂಡಿಗೆ ಮುಗಿಯುತ್ತದೆ. ಬೆಲೆ ಏನು ಕೊಟ್ಟಿರಿ? ಪ್ರೊಸೆಸರ್ ಕೆಲಸ ಮಾಡುವಾಗ ಹೊರಬೀಳುವ ಬಿಸಿ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. ಮುಂಚೆ ಅದು 1.25 ವೋಲ್ಟ್‌ನಲ್ಲಿ ಓಡುತ್ತಿತ್ತು ಅಂದುಕೊಳ್ಳಿ. 1.4ನ್ನು 1.25ರಿಂದ ಭಾಗಿಸಿ ವರ್ಗ ಮಾಡಿದರೆ 1.25, ಅದನ್ನು ವೇಗದ 1.07ರಿಂದ ಗುಣಿಸಿದರೆ 1.34. ಏಳರಷ್ಟು ವೇಗಕ್ಕೆ ಮೂವತ್ನಾಲ್ಕರಷ್ಟು ಬಿಸಿ. ಅದೂ 65 ವ್ಯಾಟ್‌ಗೆ ಅಂತ ಮಾಡಿದ ಆ ಪುಟ್ಟ ಅಲ್ಯುಮಿನಿಯಂ ಕೂಲರ್ ಮೇಲೆ. ಅಮ್ಮ ಬೈದದ್ದರಲ್ಲಿ ತಪ್ಪಿಲ್ಲ.

ಇನ್ನೊಂದು ಸಂಗತಿ. ನೀವೇ ವೇಗ ಕಟ್ಟಿಹಾಕಿದಾಗ ಪ್ರೊಸೆಸರ್‌ನ ಪವರ್ ಮಿತಿಗಳು ಪಕ್ಕಕ್ಕೆ ಸರಿಯುತ್ತವೆ. 5600ಕ್ಕೆ ಡೀಫಾಲ್ಟ್ ಆಗಿ 76 ವ್ಯಾಟ್‌ನ ಬೇಲಿ ಇದೆ. ನೀವು ಅದನ್ನು ಕಿತ್ತಿದ್ದೀರಿ.

ಓವರ್‌ಕ್ಲಾಕ್‌ಗೆ ಇಷ್ಟೊಂದು ಹೆಸರು ಬಂದದ್ದಾದರೂ ಹೇಗೆ ಅಂತೀರಾ? ಅದು ಹಳೇ ಕಾಲದ ಪುಣ್ಯ. 1998ರಲ್ಲಿ ಇಂಟೆಲ್ ಸೆಲೆರಾನ್ 300ಎ ಅಂತ ಒಂದು ಅಗ್ಗದ ಪ್ರೊಸೆಸರ್ ತಂದಿತು. ಬಸ್ ವೇಗ, ಅಂದರೆ ಆಗಿನ ಬೇಸ್ ಕ್ಲಾಕ್, 66, ಮಲ್ಟಿಪ್ಲೈಯರ್ ನಾಲ್ಕೂವರೆ. ಬಸ್ಸನ್ನು 66ರಿಂದ 100ಕ್ಕೆ ಏರಿಸಿದರೆ ಸೀದಾ 450 ಮೆಗಾಹರ್ಟ್ಜ್! ಒಂದೂವರೆ ಪಟ್ಟು, ಬಹಳಷ್ಟು ಚಿಪ್‌ಗಳಲ್ಲಿ ಹೆಚ್ಚಿನ ತಕರಾರೂ ಇಲ್ಲದೆ. ಆಗ ಕಂಪನಿಗಳು ಚಿಪ್‌ನಲ್ಲಿ ಅಷ್ಟು ಶಕ್ತಿ ಮಿಗಿಸಿಯೇ ಮಾರುತ್ತಿದ್ದವು. ಈಗ ಕಾರ್ಖಾನೆಯಲ್ಲೇ ಹಿಂಡಿ ಕಳಿಸುತ್ತಾರೆ, ಪ್ರೊಸೆಸರ್ ತಾನೇ ಬಿಸಿ ನೋಡಿ, ಕರೆಂಟ್ ನೋಡಿ, ಪ್ರತಿ ಕ್ಷಣವೂ ತನ್ನ ವೇಗ ಏರಿಸಿ ಇಳಿಸಿಕೊಳ್ಳುತ್ತದೆ. ದ್ರವ ಹೀಲಿಯಂ ಸುರಿದು 9 ಗಿಗಾಹರ್ಟ್ಜ್ ದಾಟಿಸಿದವರಿದ್ದಾರೆ ನಿಜ, ಆದರೆ ಅದು ಪಂದ್ಯ, ಮನೆಯಲ್ಲಿ ಬಳಸುವ ಪಿಸಿ ಅಲ್ಲ. ಹಾಗಾಗಿ ನನ್ನ ಸಲಹೆ ನಿಮಗೆ ಉಲ್ಟಾ ಅನ್ನಿಸಬಹುದು. ವೇಗ ಏರಿಸೋದನ್ನು ಕಲಿಯುವ ಮುಂಚೆ ವೋಲ್ಟೇಜ್ ಇಳಿಸೋದನ್ನು ಕಲಿಯಿರಿ. ನಮ್ಮ ಊರಲ್ಲಂತೂ ಇದೇ ದಾರಿ.

ಯಾಕೆ ನಮ್ಮ ಊರು ಅಂದೆ? ಕೂಲರ್ ಯಾವುದೇ ಇರಲಿ, ಅದು ಪ್ರೊಸೆಸರನ್ನು ರೂಮಿನ ಗಾಳಿಗಿಂತ ತಂಪು ಮಾಡಲಾರದು. ರೂಮಿಗಿಂತ ಇಷ್ಟು ಡಿಗ್ರಿ ಮೇಲೆ ಅಂತ ಹಿಡಿದಿಡುತ್ತದೆ, ಅಷ್ಟೇ. ಜನವರಿಯಲ್ಲಿ ನಿಮ್ಮ ರೂಮು 25 ಡಿಗ್ರಿ ಇದ್ದಾಗ ಪ್ರೊಸೆಸರ್ 75ಕ್ಕೆ ನಿಂತರೆ ಅಂತರ 50. ಯುಗಾದಿ ಮುಗಿದು ಹೊರಗೆ 42 ಇರುವ ದಿನ, ಮೇಲಿನ ಮಹಡಿಯ ರೂಮು, ಇಡೀ ದಿನ ಕಾದ ಸ್ಲ್ಯಾಬು, ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಬೆಚ್ಚಗೆ. ಒಳಗೆ 38, 40 ಇರುತ್ತೆ. ಅದೇ 50 ಸೇರಿಸಿ, 90 ಮುಟ್ಟಿಬಿಟ್ಟಿತು. ಸೆಟ್ಟಿಂಗ್ ಒಂದೂ ಬದಲಾಗಿಲ್ಲ! ನೀವು ನೋಡಿದ ವಿಡಿಯೋದವರು ಎಸಿ ರೂಮಿನಲ್ಲಿ ಕೂತಿದ್ದರೆ ಅವರ ಸಂಖ್ಯೆ ಕಲಬುರಗಿಗೆ ಹೊಂದಲ್ಲ. ಡಿಸೆಂಬರ್ ರಾತ್ರಿ ಪಾಸಾದ ಓವರ್‌ಕ್ಲಾಕನ್ನು ನಾನು ಪಾಸು ಅಂತ ಲೆಕ್ಕಕ್ಕೇ ಹಿಡಿಯಲ್ಲ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಪಾಸಾಗಲಿ, ಆಗ ಒಪ್ಪುತ್ತೇನೆ.

ಕೆಳಗಿನ ಮನೆಯಲ್ಲಿ ಶಹಾಬಾದ್ ಕಲ್ಲು ಹಾಸಿದ ಕೋಣೆ ಇದ್ದರೆ ಬೇಸಿಗೆಯಲ್ಲಿ ಪಿಸಿಯನ್ನು ಅಲ್ಲಿಗೆ ಇಳಿಸಿ ನೋಡಿ. ಒಂದು ರೂಪಾಯಿ ಖರ್ಚಿಲ್ಲದೆ ಕೆಲವು ಡಿಗ್ರಿ ಸಿಗುತ್ತದೆ. ಆದರೆ ನೆಲದ ಮೇಲೇ ಇಡಬೇಡಿ, ಒಂದು ಸ್ಟೂಲ್ ಮೇಲೆ ಇಡಿ. ನೀರು ಹಾಕುವ ರೂಮ್ ಕೂಲರ್ ಇದೆಯಾ? ನಮ್ಮ ಒಣ ಬಿಸಿಲಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತೆ, ರೂಮು ತಂಪಾದಷ್ಟು ಡಿಗ್ರಿ ಪ್ರೊಸೆಸರ್‌ನಲ್ಲೂ ಇಳಿಯುತ್ತೆ. ತೇವಕ್ಕೆ ಹೆದರಬೇಡಿ, ಪಿಸಿ ಒಳಗಿನ ಭಾಗಗಳು ಗಾಳಿಗಿಂತ ಬಿಸಿಯಾಗಿರುವುದರಿಂದ ಅಲ್ಲಿ ನೀರು ಕಟ್ಟಲ್ಲ. ಹೆದರಬೇಕಾದ್ದು ಕೂಲರ್ ಚಿಮ್ಮಿಸುವ ಹನಿಗಳಿಗೆ. ಬೋರಿನ ನೀರಿನ ಉಪ್ಪು ಹುಲ್ಲಿನ ಪ್ಯಾಡ್ ಮೇಲೆ ಬೆಳ್ಳಗೆ ಕಟ್ಟುತ್ತಲ್ವಾ, ಅದೇ ಉಪ್ಪು ಬೋರ್ಡ್ ಮೇಲೆ ಬೀಳೋದು ಬೇಡ. ಕೂಲರ್ ಗಾಳಿ ನೇರ ಪಿಸಿಗೆ ಬಡಿಯದ ಹಾಗೆ ಇಡಿ. ಮಳೆಗಾಲದಲ್ಲಿ ಇದರಿಂದ ಹೆಚ್ಚು ಉಪಯೋಗ ಇಲ್ಲ.

ಇನ್ನು ದೂಳು. ತೊಗರಿ ರಾಶಿ ನಡೆಯುವ ದಿನಗಳಲ್ಲಿ ಊರ ಅಂಚಿನ ಮನೆಗಳಿಗೆ ಹೊಟ್ಟು ಹಾರಿ ಬರುತ್ತೆ. ಕೂಲರ್‌ನ ರೆಕ್ಕೆಗಳ ನಡುವೆ ಅದು ಕೂತರೆ ಕಂಬಳಿ ಹೊದಿಸಿದಂತೆಯೇ. ಬ್ಲೋಯರ್‌ನಿಂದ ಹೊಡೆಯುವಾಗ ಫ್ಯಾನನ್ನು ಬೆರಳಿಂದ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಅಳತೆ ಮೀರಿ ತಿರುಗಿ ಬೇರಿಂಗ್ ಹಾಳಾಗಬಾರದು.

ಈಗ ಕೆಲಸ ಶುರು ಮಾಡೋಣ. ಮೊದಲು ರ‍್ಯಾಮ್. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾಮೆನ್ಸ್‌ನಲ್ಲಿ ಮೆಮೊರಿ ನೋಡಿ, ವೇಗ ಎಷ್ಟು ತೋರಿಸುತ್ತದೆ? 2133, 2400 ಅಥವಾ 2666 ಇದ್ದರೆ ನೀವು 3200ರ ರ‍್ಯಾಮ್‌ಗೆ ದುಡ್ಡು ಕೊಟ್ಟು ಕಡಿಮೆ ವೇಗದಲ್ಲಿ ಓಡಿಸುತ್ತಿದ್ದೀರಿ. ಹೊಸದಾಗಿ ಜೋಡಿಸಿದವರಲ್ಲಿ ಇದು ಬಹಳ ಸಾಮಾನ್ಯ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಅನ್ನೋ ಆಯ್ಕೆ ಆನ್ ಮಾಡಿ, ಮೆಮೊರಿ ಅದರ ಮೇಲೆ ಬರೆದ ವೇಗಕ್ಕೆ ಏರುವುದು ಇದರಿಂದಲೇ. ಮೆಮೊರಿ ಎರಡು ಪಟ್ಟಿಯಾಗಿದ್ದು ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿರಲಿ. ಎಷ್ಟೋ ಆಟಗಳಲ್ಲಿ ನಿಮ್ಮ 4.7ಕ್ಕಿಂತ ಇದರಿಂದಲೇ ಜಾಸ್ತಿ ಲಾಭ. ಇದನ್ನು ಮಾಡಿದ ಮೇಲೆ ಒಂದು ರಾತ್ರಿ ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಪರೀಕ್ಷೆ ಓಡಿಸಿ. ರ‍್ಯಾಮ್‌ನ ತಪ್ಪನ್ನು ಪ್ರೊಸೆಸರ್‌ನ ತಪ್ಪು ಅಂತ ತಿಳಿದು ಜನ ವಾರಗಟ್ಟಲೆ ಒದ್ದಾಡುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಅನ್ನೋದು ಇದಕ್ಕೇ.

ಆಟದಲ್ಲಿ ಗ್ರಾಫಿಕ್ಸ್ ಕಾರ್ಡ್ ಬಳಕೆ ಎಷ್ಟಿದೆ ಅಂತಲೂ ನೋಡಿ. ಅದು 97, 98 ತೋರಿಸುತ್ತಿದ್ದರೆ ತಡೆ ಇರುವುದು ಕಾರ್ಡ್‌ನಲ್ಲಿ. ಪ್ರೊಸೆಸರನ್ನು ಎಷ್ಟು ಓಡಿಸಿದರೂ ಒಂದು ಫ್ರೇಮ್ ಜಾಸ್ತಿ ಬರಲ್ಲ.

ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಎರಡು ಸಾವಿರದ ಆಸುಪಾಸಿನ, 120 ಮಿಲಿಮೀಟರ್ ಫ್ಯಾನ್ ಇರುವ ಟವರ್ ಕೂಲರ್ ತನ್ನಿ. ನಮ್ಮ ಊರಿನ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಲ್ಲಿ ಕೇಳಿ ನೋಡಿ, ಸಿಗದಿದ್ದರೆ ಆನ್‌ಲೈನ್. ಓವರ್‌ಕ್ಲಾಕ್ ಮಾಡದಿದ್ದರೂ ಇದು ದಂಡವಲ್ಲ, ಸದ್ದು ಕಡಿಮೆಯಾಗುತ್ತೆ. ಬದಲಿಸುವಾಗ ಒಂದು ಎಚ್ಚರಿಕೆ, ಇದನ್ನು ಬಹಳ ಜನ ಹೇಳಲ್ಲ. ನಿಮ್ಮದರಂಥ ಎಎಂ4 ಸಾಕೆಟ್‌ನ ಪ್ರೊಸೆಸರ್‌ಗೆ ಕಾಲುಗಳಿರುವುದು ಅದರ ಹೊಟ್ಟೆಯ ಕೆಳಗೆ. ಹಳೇ ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಎಳೆದಾಗ ಸಾಕೆಟ್ ಲಾಕ್ ಇದ್ದರೂ ಪ್ರೊಸೆಸರ್ ಕಿತ್ತು ಕೂಲರ್ ಜೊತೆ ಬಂದುಬಿಡುತ್ತೆ, ಕಾಲು ಬಾಗುತ್ತವೆ. ಅದಕ್ಕೇ ಬಿಚ್ಚುವ ಮುಂಚೆ ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ. ಆಮೇಲೆ ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ನಾಲ್ಕು ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಅದು ಸಡಿಲವಾಗಿದ್ದು ಕೈಗೆ ಗೊತ್ತಾಗುತ್ತೆ. ಆಗ ಎತ್ತಿ. ಸ್ಕ್ರೂ ಬಿಚ್ಚಿದಾಗ ಬೋರ್ಡ್ ಹಿಂದಿನ ಲೋಹದ ಪ್ಲೇಟ್ ಕಳಚಿ ಬೀಳುತ್ತದೆ, ಪಿಸಿಯನ್ನು ಅಡ್ಡ ಮಲಗಿಸಿ ಇನ್ನೊಂದು ಕೈಯಿಂದ ಹಿಂದೆ ಹಿಡಿದಿರಿ. ಹಳೇ ಪೇಸ್ಟನ್ನು ಸ್ಪಿರಿಟ್ ಹಾಕಿ ಪೂರ್ತಿ ಒರೆಸಿ, ಹೊಸದು ನಡುವೆ ತೊಗರಿ ಕಾಳಿಗಿಂತ ತುಸು ದೊಡ್ಡ ಹನಿ ಸಾಕು. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಈಗ ಅಸಲು ವಿಷಯ. ನಿಮ್ಮ ಬಯೋಸ್ ಹಳೆಯದಾಗಿದ್ದರೆ ಮೊದಲು ಅಪ್‌ಡೇಟ್ ಮಾಡಿ, ಅದೂ ಯುಪಿಎಸ್ ಇದ್ದರೆ ಮಾತ್ರ. ಬೇಸಿಗೆ ಸಂಜೆ ಕರೆಂಟ್ ಕಣ್ಣುಮುಚ್ಚಾಲೆ ಆಡುವ ಹೊತ್ತಿನಲ್ಲಿ ಬೇಡವೇ ಬೇಡ, ಬಯೋಸ್ ಬರೆಯುವ ಮಧ್ಯೆ ಕರೆಂಟ್ ಹೋದರೆ ಬೋರ್ಡ್ ಏಳದಿರಬಹುದು. ಆಮೇಲೆ ಎಎಂಡಿ ಓವರ್‌ಕ್ಲಾಕಿಂಗ್ ಮೆನುವಿನಲ್ಲಿ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಅಂದರೆ ಪಿಬಿಒ, ಅದರಲ್ಲಿ ಅಡ್ವಾನ್ಸ್‌ಡ್ ಆರಿಸಿ. ಮಿತಿಗಳನ್ನು ಬೋರ್ಡ್‌ಗೆ ಬಿಡಬೇಡಿ, ಕೈಯಾರೆ ಪಿಪಿಟಿ 76, ಟಿಡಿಸಿ 60, ಇಡಿಸಿ 90 ಅಂತ ಡೀಫಾಲ್ಟ್ ಸಂಖ್ಯೆಗಳನ್ನೇ ಬರೆಯಿರಿ. ಮೊದಲನೆಯದು ವ್ಯಾಟ್ ಮಿತಿ, ಉಳಿದೆರಡು ಕರೆಂಟಿನ ಮಿತಿ. ಕೆಳಗೆ ಕರ್ವ್ ಆಪ್ಟಿಮೈಸರ್ ಇರುತ್ತದೆ. ಅದರಲ್ಲಿ ಆಲ್ ಕೋರ್ಸ್ (ಕೋರ್ ಅಂದರೆ ಪ್ರೊಸೆಸರ್ ಒಳಗೆ ದುಡಿಯುವ ಒಂದೊಂದು ಘಟಕ), ನೆಗೆಟಿವ್, 10 ಅಂತ ಹಾಕಿ. ಸೇವ್ ಮಾಡುವ ಮುಂಚೆ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಇದು ಏನು ಮಾಡುತ್ತೆ ಅಂದ್ರೆ, ಪ್ರತಿ ವೇಗಕ್ಕೂ ಇಷ್ಟು ವೋಲ್ಟೇಜ್ ಬೇಕು ಅಂತ ಕಾರ್ಖಾನೆ ಒಂದು ಪಟ್ಟಿ ಬರೆದಿದೆ, ಎಲ್ಲಾ ಚಿಪ್‌ಗೂ ಸಾಕಾಗಲಿ ಅಂತ ಕೈ ತುಸು ಧಾರಾಳ ಮಾಡಿ. ನೀವು ಆ ಪಟ್ಟಿಯನ್ನು ಸ್ವಲ್ಪ ಕೆಳಗೆ ಸರಿಸುತ್ತಿದ್ದೀರಿ. ಒಂದೊಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್. ವೋಲ್ಟೇಜ್ ಇಳಿದರೆ ಬಿಸಿ ಇಳಿಯುತ್ತೆ, ಅದೇ 76 ವ್ಯಾಟ್‌ನ ಒಳಗೆ ಪ್ರೊಸೆಸರ್ ತಾನಾಗಿ ಇನ್ನೂ ಸ್ವಲ್ಪ ಮೇಲೆ ಓಡುತ್ತೆ. ನೀವು ವೇಗ ಮುಟ್ಟಲೇ ಇಲ್ಲ, ಆದರೂ ವೇಗ ಸಿಕ್ತು! 10 ಸರಿಯಾದರೆ 15, ಆಮೇಲೆ 20. ಮೆನು 30ರವರೆಗೆ ಬಿಡುತ್ತೆ ಅಂತ ಎಲ್ಲಾ ಚಿಪ್ ಅಷ್ಟನ್ನು ತಡೆಯಲ್ಲ.

ಪರೀಕ್ಷೆ ಮಾಡುವುದರಲ್ಲೇ ಓವರ್‌ಕ್ಲಾಕ್‌ನ ಅರ್ಧ ವಿದ್ಯೆ ಇದೆ. ತಾಪ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದನ್ನು ತೆರೆದಿಟ್ಟು, ಪ್ರೊಸೆಸರನ್ನು ಪೂರ್ತಿ ದುಡಿಸಿ ಸ್ಕೋರ್ ಕೊಡುವ ಸಿನೆಬೆಂಚ್ ಆರ್23 ಹತ್ತು ನಿಮಿಷ ಓಡಿಸಿ. ಬರೆದುಕೊಳ್ಳಬೇಕಾದ್ದು ಸ್ಕೋರ್, ಅತಿ ಹೆಚ್ಚಿನ ತಾಪ, ಆವತ್ತಿನ ರೂಮಿನ ತಾಪ. ತೋರಿಸುವ ಮೆಗಾಹರ್ಟ್ಜ್ ನೋಡಿ ಖುಷಿಪಡಬೇಡಿ. ವೋಲ್ಟೇಜ್ ತೀರಾ ಕಡಿಮೆಯಾದರೆ ರೈಜೆನ್ ಕ್ರ್ಯಾಶ್ ಆಗದೆ ಒಳಗೊಳಗೇ ಕ್ಲಾಕ್ ಎಳೆದು ನಿಧಾನ ಆಗಬಹುದು, ಮೇಲೆ ಮಾತ್ರ ದೊಡ್ಡ ಸಂಖ್ಯೆ ಕಾಣುತ್ತದೆ. ಎಫೆಕ್ಟಿವ್ ಕ್ಲಾಕ್ ಅನ್ನೋ ಸಾಲು ನಿಜ ಹೇಳುತ್ತದೆ. ಸ್ಕೋರ್ ಇಳಿಯಿತಾ, ನೀವು ಅತಿ ಮಾಡಿದ್ದೀರಿ.

ಸಿನೆಬೆಂಚ್ ಪಾಸಾಯ್ತು ಅಂತ ಮುಗಿಸಬೇಡಿ. ಹೊಸಬರು ಎಡವೋದು ಇಲ್ಲೇ. ಕರ್ವ್ ಕೈಕೊಡುವುದು ಎಲ್ಲಾ ಕೋರ್ ದುಡಿಯುವಾಗ ಅಲ್ಲ, ಆಗ ವೇಗ ಕಡಿಮೆ ಇರುತ್ತೆ. ಒಂದೇ ಕೋರ್ ತುತ್ತತುದಿಗೆ ಏರಿದಾಗ ಕೈಕೊಡುತ್ತೆ, ಅಂದರೆ ನೀವು ಸುಮ್ನೆ ಬ್ರೌಸರ್ ತೆರೆದಾಗ, ಪಿಸಿ ಖಾಲಿ ಕೂತಿದ್ದಾಗ. ಕೋರ್‌ಸೈಕ್ಲರ್ ಅಂತ ಒಂದು ಉಚಿತ ಸಾಧನ ಇದೆ, ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷಿಸುತ್ತದೆ. ರಾತ್ರಿ ಹಾಕಿ ಮಲಗಿ. ತಪ್ಪು ಬಂದ ಕೋರ್‌ಗೆ ಮಾತ್ರ ಸಂಖ್ಯೆ ಕಡಿಮೆ ಮಾಡಿ, ಪರ್ ಕೋರ್ ಆಯ್ಕೆ ಅದಕ್ಕೇ ಇದೆ. ಸಾಮಾನ್ಯವಾಗಿ ಚಿಪ್‌ನ ಅತ್ಯುತ್ತಮ ಕೋರ್‌ಗಳೇ ಇಳಿತ ಕಡಿಮೆ ತಡೆಯುತ್ತವೆ, ಯಾಕಂದ್ರೆ ಅವಕ್ಕೆ ಮುಂಚೆಯೇ ಕಡಿಮೆ ವೋಲ್ಟೇಜ್ ಬರೆದಿರುತ್ತಾರೆ. ಪಿಸಿ ತಾನಾಗಿ ರೀಸ್ಟಾರ್ಟ್ ಆದರೆ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಡಬ್ಲ್ಯೂಎಚ್‌ಇಎ-ಲಾಗರ್ ಹುಡುಕಿ. ಐಡಿ 18 ಇದ್ದರೆ ಹಾರ್ಡ್‌ವೇರ್ ತಪ್ಪಿನಿಂದಲೇ ಬಿದ್ದದ್ದು, ಅದರೊಳಗಿನ ಎಪಿಐಸಿ ಐಡಿ ಯಾವ ಕೋರ್ ಅನ್ನೋ ಸುಳಿವು ಕೊಡುತ್ತೆ. ನಿಮ್ಮ 4.7ರ ರೀಸ್ಟಾರ್ಟ್‌ಗಳೂ ಅಲ್ಲೇ ದಾಖಲಾಗಿರಬಹುದು, ಇವತ್ತೇ ನೋಡಿ.

ಇದೆಲ್ಲಾ ಮಾಡುವ ದಿನಗಳಲ್ಲಿ ಕಾಲೇಜಿನ ಪ್ರಾಜೆಕ್ಟ್ ಫೈಲುಗಳ ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ. ಅಸ್ಥಿರ ಪಿಸಿ ಕ್ರ್ಯಾಶ್ ಆದರೆ ಪರವಾಗಿಲ್ಲ, ಸದ್ದಿಲ್ಲದೆ ಫೈಲ್ ಕೆಡಿಸಿದರೆ ಗೊತ್ತೇ ಆಗಲ್ಲ. ಪರದೆಯೇ ಬರದಿದ್ದರೆ ಗಾಬರಿ ಬೇಡ. ಪವರ್ ಕಿತ್ತು, ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಐದು ನಿಮಿಷ ತೆಗೆದಿಡಿ, ಅಥವಾ ಕೈಪಿಡಿಯಲ್ಲಿ ಹೇಳಿದ ಕ್ಲಿಯರ್ ಸಿಮಾಸ್ ಪಿನ್‌ಗಳನ್ನು ಜೋಡಿಸಿ. ಎಲ್ಲಾ ಡೀಫಾಲ್ಟ್‌ಗೆ ಬರುತ್ತೆ. ಪಿಸಿ ಕ್ಯಾಬಿನೆಟ್ ಮುಟ್ಟಿದರೆ ಕೈಗೆ ಜುಮ್ ಅಂದರೆ ಮಾತ್ರ ಎಲ್ಲಾ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಹಳೇ ಮನೆಗಳಲ್ಲಿ ಮೂರನೇ ಪಿನ್‌ಗೆ ತಂತಿಯೇ ಇರಲ್ಲ.

ಕರ್ವ್ ಗಟ್ಟಿಯಾದ ಮೇಲೂ ಆಸೆ ಉಳಿದಿದ್ದರೆ, ಟವರ್ ಕೂಲರ್ ಇದ್ದರೆ, ಪಿಬಿಒದಲ್ಲೇ ಬೂಸ್ಟ್ ಓವರ್‌ರೈಡ್ ಇದೆ, 200 ಮೆಗಾಹರ್ಟ್ಜ್‌ವರೆಗೆ. 50, 100 ಅಂತ ಏರಿಸುತ್ತಾ ಹೋಗಿ. 4.6ರ ಹತ್ತಿರ ಸಿಗುತ್ತೆ, ಅದೂ ಬೇಕಾದಾಗ ಮಾತ್ರ ಏರಿ, ಬೇಡದಾಗ ಇಳಿಯುವ 4.6. ನಿಮ್ಮ ಬಿ450ಯಲ್ಲಿ ಪ್ರೊಸೆಸರ್ ಪಕ್ಕದ, ಅದಕ್ಕೆ ಕರೆಂಟ್ ಒದಗಿಸುವ ವಿಆರ್‌ಎಂ ಭಾಗದ ಮೇಲೆ ಲೋಹದ ಹೀಟ್‌ಸಿಂಕ್ ಇಲ್ಲದಿದ್ದರೆ 76 ವ್ಯಾಟ್ ಮಿತಿ ಮಾತ್ರ ಏರಿಸಬೇಡಿ.

ವಾರಂಟಿ ಬಗ್ಗೆ ಗೊತ್ತಿರಲಿ, ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಎಎಂಡಿ ವಾರಂಟಿ ಕೊಡಲ್ಲ, ಪಿಬಿಒ ಕೂಡ ಓವರ್‌ಕ್ಲಾಕ್ ಲೆಕ್ಕಕ್ಕೇ ಬರುತ್ತೆ.

ಗೆಳೆಯನ 12400ಎಫ್ ವಿಷಯ ಚಿಕ್ಕದು. ಇಂಟೆಲ್‌ನಲ್ಲಿ ಹೆಸರಿನ ಕೊನೆಯ ಅಕ್ಷರಗಳಲ್ಲಿ ಕೆ ಇರುವ ಪ್ರೊಸೆಸರ್‌ಗಳಿಗೆ ಮಾತ್ರ ಮಲ್ಟಿಪ್ಲೈಯರ್ ಬಿಚ್ಚಿರುತ್ತೆ, ಅದಕ್ಕೂ ಜೆಡ್ ಸರಣಿಯ ಬೋರ್ಡ್ ಬೇಕು. ಅವರದು ಬೀಗ ಹಾಕಿದ ಪ್ರೊಸೆಸರ್. ಬಿ660 ಥರದ ಬೋರ್ಡ್ ಇದ್ದರೆ ರ‍್ಯಾಮ್‌ನ ಎಕ್ಸ್‌ಎಂಪಿ ಆನ್ ಮಾಡಿಕೊಡಿ, ಕೂಲರ್‌ನ ದೂಳು ಹೊಡೆದುಕೊಡಿ. ಅವರ ಪಿಸಿಗೆ ಅಷ್ಟೇ ಮಾಡಲು ಇರುವುದು.